ಗುದದ್ವಾರದ ಪಕ್ಕ ಚರ್ಮ ಜೋತುಬಿದ್ದಿದೆಯಾ? ದಾರ ಕಟ್ಟುವ ಮೊದಲು ಇದನ್ನು ಓದಿ

ಎರಡಕ್ಕೆ ಹೋಗಿ ತೊಳೆದುಕೊಳ್ಳುವಾಗ ಬೆರಳಿಗೆ ಏನೋ ಸಿಗುತ್ತದೆ. ಮೆತ್ತಗೆ, ಕಿವಿಯ ಹಾಲೆ ಮುಟ್ಟಿದ ಹಾಗೆ. ಮುಟ್ಟಿದರೆ ನೋವಿಲ್ಲ, ರಕ್ತವಿಲ್ಲ, ಆದರೂ ಎದೆ ಧಸಕ್ ಅನ್ನುತ್ತದೆ. ನನಗೂ ಹಾಗೇ ಆಯಿತು. ಮಂಡ್ಯದ ನಮ್ಮ ಮನೆ ಬಚ್ಚಲಲ್ಲಿ ಕನ್ನಡಿ ನೆಲಕ್ಕಿಟ್ಟು, ಮೊಬೈಲ್ ಟಾರ್ಚ್ ಬಿಟ್ಟು ನೋಡೋಕೆ ಹೋಗಿ ಸೊಂಟ ಹಿಡಿದುಕೊಂಡಿದ್ದೇ ಬಂತು. ಮೂಲವ್ಯಾಧಿ ಅಂತ ನಾನೇ ತೀರ್ಮಾನ ಮಾಡಿ ನಾಲ್ಕು ತಿಂಗಳು ಮುಲಾಮು ಹಚ್ಚಿದೆ. ಒಂದು ಚೂರೂ ಕರಗಲಿಲ್ಲ. ಕರಗೋದೂ ಇಲ್ಲ, ಯಾಕೆಂದರೆ ಅದು ಬರೀ ಚರ್ಮ. ಡಾಕ್ಟರುಗಳು ಸ್ಕಿನ್ ಟ್ಯಾಗ್ ಅನ್ನುತ್ತಾರೆ.

ಪೂರಿ ಉಬ್ಬಿ, ಆರಿದ ಮೇಲೆ ಸಪ್ಪಗೆ ಮಡಿಚಿಕೊಳ್ಳುತ್ತದಲ್ಲ, ಹಾಗೇ ಇದು. ಮೊದಲು ಯಾವಾಗಲೋ ಅಲ್ಲಿ ಊತ ಬಂದಿರುತ್ತದೆ. ಹೊರಗಿನ ಪೈಲ್ಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಬಸುರಿಯಲ್ಲಿ ಆಗಿದ್ದಿರಬಹುದು, ವರ್ಷಗಟ್ಟಲೆ ಗಟ್ಟಿ ಮೋಷನ್‌ಗೆ ತಿಣುಕಿದ್ದಿರಬಹುದು. ಊತ ಇಳಿಯುತ್ತದೆ, ಹಿಗ್ಗಿದ ಚರ್ಮ ಹಿಂದಕ್ಕೆ ಹೋಗುವುದಿಲ್ಲ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವ ಸರಕೂ ಅಲ್ಲ, ಅಂಟುರೋಗವೂ ಅಲ್ಲ.

ಇನ್ನೊಂದು ಕಾರಣ ಫಿಶರ್, ಅಂದರೆ ಗುದದ್ವಾರದ ಅಂಚು ಸೀಳುವುದು. ಮೋಷನ್‌ಗೆ ಹೋದಾಗ ಗಾಜಿನ ಚೂರು ಕುಯ್ದ ಹಾಗೆ ನೋವು, ಆಮೇಲೂ ಒಂದೆರಡು ಗಂಟೆ ಉರಿ, ಕೆಲವೊಮ್ಮೆ ಕೆಂಪು ರಕ್ತದ ಗೆರೆ. ಈ ಸೀಳು ಆರೆಂಟು ವಾರ ಮಾಯದೆ ಉಳಿದರೆ ಅದರ ತುದಿಯಲ್ಲಿ ಚರ್ಮದ ಒಂದು ಮೊಟ್ಟು ಬೆಳೆಯುತ್ತದೆ, ಸಾಮಾನ್ಯವಾಗಿ ಬೆನ್ನುಮೂಳೆಯ ಕಡೆಗೆ. ನನ್ನದು ಇದೇ ಕೇಸು. ಸೀಳಿಗೆ ಔಷಧಿ ಮಾಡದೆ ಮೊಟ್ಟು ಮಾತ್ರ ಕತ್ತರಿಸಿದರೆ ನೋವು ಹಾಗೇ ಉಳಿಯುತ್ತದೆ, ಮೊಟ್ಟು ಮತ್ತೆ ಬಂದರೂ ಬಂತು.

ಎಲ್ಲ ಗಂಟೂ ಸ್ಕಿನ್ ಟ್ಯಾಗ್ ಅಲ್ಲ, ಇದು ನೆನಪಿರಲಿ. ಇದ್ದಕ್ಕಿದ್ದಂತೆ ನೀಲಿ ಬಣ್ಣದ, ಬಿಗಿಯಾದ, ಕೂರೋಕೂ ಆಗದಷ್ಟು ನೋವಿನ ಗಂಟು ಬಂದರೆ ಅದು ಹೆಪ್ಪುಗಟ್ಟಿದ ಪೈಲ್ಸ್ ಇರಬಹುದು. ಮೊದಲ ಎರಡು ಮೂರು ದಿನದಲ್ಲಿ ತೋರಿಸಿದರೆ ಬೇಗ ಆರಾಮ. ಹೂಕೋಸಿನ ಹಾಗೆ ಸಣ್ಣ ಸಣ್ಣದು ಗುಂಪಾಗಿದ್ದರೆ ವೈರಸ್‌ನಿಂದ ಬರುವ ನರೂಲಿ ಇರಬಹುದು, ಅದು ಹರಡುತ್ತದೆ. ಗಟ್ಟಿಯಾಗಿ ಬೆಳೆಯುತ್ತಲೇ ಇದೆ, ಹುಣ್ಣಾಗಿದೆ, ಮೋಷನ್‌ನಲ್ಲಿ ರಕ್ತ ಬೆರೆತು ಬರುತ್ತಿದೆ, ತೂಕ ಇಳಿಯುತ್ತಿದೆ ಅಂದರೆ ಸುಮ್ನೆ ಕಾಯಬೇಡಿ.

ತೋರಿಸೋದು ಎಲ್ಲಿ? ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಎರಡರಲ್ಲೂ ಸರ್ಜರಿ ಒಪಿಡಿ ಇದೆ. ಪರೀಕ್ಷೆ ಎರಡು ನಿಮಿಷದ್ದು. ಎಡಮಗ್ಗುಲಿಗೆ ಮಲಗಿ, ಮಂಡಿ ಎದೆಗೆ ಎಳೆದುಕೊಳ್ಳಬೇಕು. ಡಾಕ್ಟರ್ ಗ್ಲೌಸ್ ಹಾಕಿದ ಬೆರಳಿಗೆ ಜೆಲ್ಲಿ ಸವರಿ ‘ಬಾಯಲ್ಲಿ ಉಸಿರು ಬಿಡಿ’ ಅನ್ನುತ್ತಾರೆ. ಬೇಕಾದರೆ ಸಣ್ಣ ಕೊಳವೆ ಹಾಕಿ ಒಳಗೂ ನೋಡುತ್ತಾರೆ. ನಾಚಿಕೆ ಎಲ್ಲ ನಮಗೇ, ಅವರಿಗೆ ದಿನಕ್ಕೆ ಇಂಥವು ಎಷ್ಟೋ. ಫಿಶರ್ ನೋವು ಜೋರಾಗಿದ್ದರೆ ಮೊದಲೇ ಹೇಳಿಬಿಡಿ, ಬೆರಳು ಹಾಕದೆ ಹೊರಗಿಂದಲೇ ನೋಡುತ್ತಾರೆ.

ಮನೆಯಲ್ಲಿ ಮಾಡೋದು ಸಲೀಸು. ಬರೀ ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಜ್ಜಬೇಡಿ. ಸೋಪು, ಡೆಟಾಲ್ ಹಾಕಿದರೆ ತುರಿಕೆ ಜಾಸ್ತಿ ಆಗುತ್ತದೆ. ಆ ಮಡಿಕೆಯಲ್ಲಿ ತೇವ ಉಳಿಯೋದೇ ಮುಖ್ಯ ತೊಂದರೆ. ತುರಿಸಿದರೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂತರೆ ಹಿತ, ಆಮೇಲೆ ಒರೆಸಿ ಚೂರು ವ್ಯಾಸಲಿನ್. ಮೆಡಿಕಲ್ ಶಾಪಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ವಾರಗಟ್ಟಲೆ ಹಚ್ಚಿದರೆ ಅಲ್ಲಿಯ ಚರ್ಮ ತೆಳುವಾಗುತ್ತದೆ.

ಹೊಟ್ಟೆ ಸರಿ ಮಾಡಿಕೊಳ್ಳದಿದ್ದರೆ ಇದೆಲ್ಲ ವ್ಯರ್ಥ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಸೀಬೆಹಣ್ಣು ತಿನ್ನುವ ಊರಲ್ಲಿ ಇದೇನು ಕಷ್ಟ ಅಲ್ವಾ? ಆದರೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಮದ್ದೂರು ವಡೆ ಅಂತ ಬದುಕಿದರೆ ಮಲಬದ್ಧತೆ ಬಂದಂತೆಯೇ. ಸಾಕಾಗದಿದ್ದರೆ ರಾತ್ರಿ ಒಂದು ಚಮಚ ಇಸಬಗೋಲು ದೊಡ್ಡ ಲೋಟ ನೀರಲ್ಲಿ. ನೀರು ಕಡಿಮೆ ಮಾಡಿದರೆ ಅದು ಉಲ್ಟಾ ಹೊಡೆಯುತ್ತದೆ. ಕಮೋಡ್ ಮೇಲೆ ಮೊಬೈಲ್ ಹಿಡಿದು ಅರ್ಧಗಂಟೆ ಕೂರೋದನ್ನೂ ಬಿಡಿ, ಐದು ನಿಮಿಷಕ್ಕೆ ಬರದಿದ್ದರೆ ಎದ್ದು ಬನ್ನಿ.

ಈಗ ಮಾಡಬಾರದ್ದು. ನಮ್ಮ ಕಡೆ ನರೂಲಿಗೆ ದಾರವನ್ನೋ ಕುದುರೆ ಬಾಲದ ಕೂದಲನ್ನೋ ಕಟ್ಟುವುದು, ಸುಣ್ಣ ಸೋಡಾ ಹಚ್ಚುವುದು ಇದೆ. ಅಲ್ಲಿಗೆ ಮಾತ್ರ ಬೇಡ. ಅದು ದಿನಾ ಕೊಳಕು ತಾಗುವ ಜಾಗ, ಕೀವಾಗುತ್ತದೆ, ಸುಟ್ಟ ಗಾಯ ಮಾಯಲ್ಲ. ಗೋಡೆ ಮೇಲೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಮಾಯ’ ಅಂತ ಬರೆದಿರುವ ಕಡೆಗೆ ಹೋದ ನಮ್ಮ ಪಕ್ಕದ ಮನೆ ಅಣ್ಣ ಯಾವುದೋ ಇಂಜೆಕ್ಷನ್ ಚುಚ್ಚಿಸಿಕೊಂಡು ಮೂರು ವಾರ ಬೋರಲು ಮಲಗಿದ್ದರು. ಅವರಿಗಿದ್ದದ್ದೂ ಬರೀ ಚರ್ಮವೇ.

ತೆಗೆಸಲೇಬೇಕು ಅಂತೇನಿಲ್ಲ. ಸ್ವಚ್ಛ ಇಡೋಕೆ ಕಷ್ಟ, ತುರಿಕೆ ನಿಲ್ಲುತ್ತಿಲ್ಲ, ಅಥವಾ ಮನಸ್ಸಿಗೆ ಕಿರಿಕಿರಿ ಅಂದರೆ ಸರ್ಜನ್ ಹತ್ತಿರ ತೆಗೆಸಿ. ಆ ಜಾಗ ಮರಗಟ್ಟಿಸಿ ಕತ್ತರಿಸುತ್ತಾರೆ, ಅದೇ ದಿನ ಮನೆಗೆ. ತುಂಬಾ ಇದ್ದರೆ ಎಲ್ಲ ಒಂದೇ ಸಲ ತೆಗೆಯುವುದಿಲ್ಲ, ತೆಗೆದರೆ ದ್ವಾರ ಬಿಗಿದುಕೊಳ್ಳುವ ಭಯ. ಬಸುರಿಯಾಗಿದ್ದರೆ ಸಾಮಾನ್ಯವಾಗಿ ಹೆರಿಗೆ ಆಗಲಿ ಅನ್ನುತ್ತಾರೆ. ಕ್ರೋನ್ಸ್ ಅನ್ನೋ ಕರುಳಿನ ಕಾಯಿಲೆ ಇದ್ದವರಿಗೆ ಗಾಯ ಸರಿಯಾಗಿ ಮಾಯುವುದಿಲ್ಲ, ಹಾಗಾಗಿ ಮುಟ್ಟೋಕೇ ಹಿಂಜರಿಯುತ್ತಾರೆ. ಗಾಯ ಪೂರ್ತಿ ಮಾಯೋಕೆ ಎರಡರಿಂದ ನಾಲ್ಕು ವಾರ. ಮೊದಲ ಮೋಷನ್ ಉರಿಯುತ್ತದೆ, ಅದಕ್ಕೇ ಆಪರೇಷನ್‌ಗೆ ನಾಲ್ಕು ದಿನ ಮುಂಚಿನಿಂದಲೇ ಇಸಬಗೋಲು ಶುರು ಮಾಡಿ, ಟಬ್ಬನ್ನೂ ತಂದಿಟ್ಟುಕೊಳ್ಳಿ.

ನಾನು ಫಿಶರ್‌ಗೆ ಮುಲಾಮು ಹಚ್ಚಿ, ಹೊಟ್ಟೆ ಸರಿ ಮಾಡಿಕೊಂಡೆ. ಎರಡು ತಿಂಗಳಲ್ಲಿ ನೋವು ಹೋಯಿತು. ಚರ್ಮ ಈಗಲೂ ಅಲ್ಲೇ ಇದೆ, ತೊಳೆಯುವಾಗ ಸಿಗುತ್ತದೆ, ಒರೆಸಿಕೊಂಡು ಬರುತ್ತೇನೆ.