ಬ್ಯಾಟರಿ ಡಿಕ್ಕಿಗೆ ಹೋಯಿತು, ಅರ್ತಿಂಗ್ ಕೈಕೊಟ್ಟಿತು

ನನ್ನ ಹತ್ತಿರ ಇರುವುದು 1.3 ಲೀಟರಿನ ಹಳೇ ಮಾರುತಿ ಎಸ್ಟೀಮ್. ರಜೆ ಸಿಕ್ಕಾಗ ಮಣ್ಣಿನ ಟ್ರ್ಯಾಕಿನಲ್ಲಿ ಆಟೋಕ್ರಾಸ್ ರೇಸ್ ಓಡಿಸುತ್ತೇನೆ. ಎಂಜಿನ್, ಗೇರ್‌ಬಾಕ್ಸ್, ಎಳೆಯುವ ಚಕ್ರ ಎಲ್ಲಾ ಮುಂದೆಯೇ ಇರುವ ಗಾಡಿ ಇದು, ಜೋರಾಗಿ ಬಂದು ಸ್ಟೀರಿಂಗ್ ತಿರುಗಿಸಿದರೆ ಮೂತಿ ಮಾತು ಕೇಳದೆ ನೇರ ಹೋಗುತ್ತದೆ. ಬ್ಯಾಟರಿ ಹತ್ತು ಕೆಜಿ ಆಸುಪಾಸು. ಆ ಭಾರವನ್ನು ಡಿಕ್ಕಿಗೆ ಸಾಗಿಸೋಣ ಅಂತ ಮನೆ ಮುಂದೆಯೇ ಕೆಲಸ ಶುರು ಮಾಡಿದೆ. ಎರಡು ಭಾನುವಾರ ಹಿಡಿಯಿತು.

ಮೊದಲು ವೈರ್. ಡಿಕ್ಕಿಯಿಂದ ಬಾನೆಟ್‌ವರೆಗೆ ಐದು ಮೀಟರ್ ಬೇಕಾಯಿತು. ಸ್ಟಾರ್ಟರ್ ತಿರುಗುವಾಗ 150 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ, 25 ಚದರ ಮಿಲಿಮೀಟರ್ ತಾಮ್ರದ ವೈರ್‌ನಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ, 35ರಲ್ಲಿ 0.4 ವೋಲ್ಟ್ ಹತ್ತಿರ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 35ರ ವೆಲ್ಡಿಂಗ್ ಕೇಬಲ್ ತಂದೆ, ಸುಲಭವಾಗಿ ಬಾಗುತ್ತದೆ. ಲಗ್ಗುಗಳನ್ನು, ಅಂದರೆ ವೈರ್ ತುದಿಗೆ ಹಾಕುವ ತೂತಿರುವ ಲೋಹದ ತುಂಡುಗಳನ್ನು, ಅಂಗಡಿಯಲ್ಲೇ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿಕೊಂಡೆ. ಇದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ.

ಪೆಟ್ರೋಲ್ ಪೈಪ್ ಗಾಡಿಯ ಅಡಿಯಲ್ಲಿ ಹೋಗುವುದರಿಂದ ಕೇಬಲ್ಲನ್ನು ಅಡಿಯಲ್ಲಿ ಎಳೆಯಲೇ ಇಲ್ಲ. ಬಾಗಿಲ ಹೊಸ್ತಿಲ ಪಕ್ಕದಲ್ಲಿ ಕಾರ್ಪೆಟ್ ಎತ್ತಿ, ಕೇಬಲ್‌ಗೆ ಫ್ಲೆಕ್ಸಿಬಲ್ ಪೈಪ್ ಹೊದಿಸಿ ಒಳಗಿಂದಲೇ ತಂದೆ. ತಗಡು ದಾಟುವ ಕಡೆಯೆಲ್ಲಾ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿದೆ. ಯಾಕೆಂದರೆ ತಗಡಿನ ಅಂಚು ಕತ್ತಿ ಇದ್ದ ಹಾಗೆ. ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಹೋಯಿತು ಅಂದರೆ ತಾಮ್ರ ನೇರ ಬಾಡಿಗೆ ತಾಗುತ್ತದೆ, ಕೇಬಲ್ ಕೆಂಪಗೆ ಕಾದು ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತದೆ. ಅದಕ್ಕೇ ಬ್ಯಾಟರಿಯಿಂದ ಒಂದು ಗೇಣು ದೂರದೊಳಗೆ 200 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ಯೂಸನ್ನು ಬಾನೆಟ್ ಕಡೆ ಹಾಕಿದರೆ ಮಧ್ಯದ ಐದು ಮೀಟರಿಗೆ ಕಾವಲೇ ಇರುವುದಿಲ್ಲ. ಫ್ಯೂಸ್ ಇಲ್ಲದೆ ಮಾಡುವುದಾದರೆ ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ.

ನೀರು ತುಂಬುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಡಿಕ್ಕಿ ಮುಚ್ಚಿದ ಜಾಗ, ಅಲ್ವಾ? 1989ರ ಮಾಜ್ದಾ ಮಿಯಾಟಾದಲ್ಲಿ ಕಂಪನಿಯವರೇ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದರು, ಆದರೆ ಸೀಲ್ ಆದದ್ದು, ಅದಕ್ಕೂ ಗಾಳಿ ಹೊರಗೆ ಹೋಗಲು ಸಣ್ಣ ಟ್ಯೂಬ್ ಕೊಟ್ಟಿದ್ದರು. ನಾನೂ ಹಾಗೇ ಸೀಲ್ ಆದ ಎಜಿಎಂ ಬ್ಯಾಟರಿ (ಆಸಿಡ್ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುವಂಥದ್ದು) ತಂದು, ಅದರ ಟ್ಯೂಬನ್ನು ನೆಲದಲ್ಲಿ ತೂತು ಮಾಡಿ ಹೊರಗೆ ಬಿಟ್ಟೆ. ಹಿಡಿದಿಡಲು ಕಬ್ಬಿಣದ ಪಟ್ಟಿ, ಎರಡು ಬೋಲ್ಟ್, ತಗಡಿನ ಅಡಿಯಲ್ಲಿ ಅಗಲವಾದ ಪ್ಲೇಟ್. ಗಾಡಿ ಡಿಕ್ಕಿ ಹೊಡೆದಾಗಲೂ ಅದು ಅಲುಗಬಾರದು.

ಎಲ್ಲಾ ಮುಗಿಸಿ, ಮೈನಸ್ ಟರ್ಮಿನಲ್ ಕೊನೆಗೆ ಹಾಕಿ, ಕೀ ತಿರುಗಿಸಿದೆ. ಟಕ್. ಮತ್ತೆ ಟಕ್. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದವು, ಎಂಜಿನ್ ತಿರುಗಲಿಲ್ಲ.

ಕೇಬಲ್ ಸಾಲಲಿಲ್ಲ ಅಂದುಕೊಂಡೆ. ಬಿಚ್ಚುವ ಮೊದಲು ಅಳೆಯೋಣ ಅಂತ ಮಲ್ಟಿಮೀಟರಿಗೆ ಉದ್ದ ವೈರ್ ಕಟ್ಟಿ, ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಸ್ಟಾರ್ಟರಿಗೆ ಹಿಡಿದು ತಮ್ಮನ ಕೈಲಿ ಕೀ ತಿರುಗಿಸಿಸಿದೆ. ದಾರಿಯಲ್ಲಿ ಹೋಗುತ್ತಿದ್ದದ್ದು 0.3 ವೋಲ್ಟ್ ಮಾತ್ರ. ಕೇಬಲ್ ಚೆನ್ನಾಗೇ ಇದೆ. ಅದೇ ರೀತಿ ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ಹಿಡಿದೆ. 3.1 ವೋಲ್ಟ್! ಹೋದ ಕರೆಂಟ್ ಬಾಡಿಯ ಮೂಲಕ ವಾಪಸ್ ಬರುವ ದಾರಿಯೇ, ಅಂದರೆ ಅರ್ತಿಂಗೇ, ಕಟ್ಟಿಕೊಂಡಿತ್ತು.

ಡಿಕ್ಕಿಯಲ್ಲಿ ಮೈನಸ್ ವೈರನ್ನು ಬಾಡಿಗೆ ಕೂರಿಸಿದ್ದ ಬೋಲ್ಟ್ ಬಿಚ್ಚಿದೆ. ಬೋಲ್ಟ್ ಗಟ್ಟಿಯಾಗೇ ಇತ್ತು, ಆದರೆ ಲಗ್ಗಿನ ಕೆಳಗೆ ಬೆಳ್ಳಿ ಬಣ್ಣದ ಪೇಂಟ್ ಹಾಗೇ ಇತ್ತು, ಒಂದು ಅಂಚಿನಲ್ಲಿ ಮಾತ್ರ ಅಕ್ಕಿ ಕಾಳಿನಷ್ಟು ಜಾಗ ಕಪ್ಪಾಗಿ ಸುಟ್ಟಿತ್ತು. ಅಷ್ಟು ಕರೆಂಟೂ ಅಲ್ಲಿಂದಲೇ ನುಗ್ಗಲು ನೋಡಿತ್ತು. ಮರಳು ಕಾಗದದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿದೆ. 1.2ಕ್ಕೆ ಇಳಿಯಿತು. ಉಳಿದದ್ದು ಎಂಜಿನ್ನಿಂದ ಬಾಡಿಗೆ ಬರುವ ಹಳೇ ಪಟ್ಟಿಯಲ್ಲಿತ್ತು. ಬ್ಯಾಟರಿ ಮುಂದೆ ಇದ್ದಾಗ ಮೈನಸ್ ವೈರ್ ನೇರ ಎಂಜಿನ್‌ಗೇ ಬರುತ್ತಿತ್ತು, ಆ ತೆಳು ಪಟ್ಟಿಗೆ ಅಷ್ಟು ಕೆಲಸವೇ ಇರಲಿಲ್ಲ. ಈಗ ಸ್ಟಾರ್ಟರಿನ ಪೂರ್ತಿ ಕರೆಂಟ್ ಅದರ ತಲೆ ಮೇಲೆ ಬಿತ್ತು. ಉಳಿದ ಕೇಬಲ್ ತುಂಡನ್ನೇ ಅಲ್ಲಿ ಹಾಕಿದೆ. 0.2 ವೋಲ್ಟ್. ಕೀ ಮುಟ್ಟಿದ ತಕ್ಷಣ ಸ್ಟಾರ್ಟ್.

ಓಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದಾ? ಮಣ್ಣಿನ ಮೇಲೆ ಬಿಗಿ ತಿರುವಿನಲ್ಲಿ ಸ್ವಲ್ಪ, ಊರೊಳಗೆ ಏನೂ ಇಲ್ಲ. ಸುಮ್ನೆ ದಿನಾ ಆಫೀಸಿಗೆ ಹೋಗುವ ಗಾಡಿಗೆ ಇದು ಬೇಡ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬಾನೆಟ್ ಕೆಳಗೆ ಸಿಕ್ಕ ಜಾಗ, ಮೊದಲು ಬ್ಯಾಟರಿ ತೆಗೆಯದೆ ಕೈ ಹೋಗದ ಕಡೆಗೆ ಈಗ ಸ್ಪ್ಯಾನರ್ ಸಲೀಸಾಗಿ ಹೋಗುತ್ತದೆ. ಹಳೇ ಪ್ಲಸ್ ವೈರ್‌ಗಳೆಲ್ಲಾ ಸೇರುವ ಕಡೆ ಮುಚ್ಚಳ ಇರುವ ಒಂದು ಟರ್ಮಿನಲ್ ಕೂರಿಸಿದ್ದೇನೆ, ಜಂಪ್ ಸ್ಟಾರ್ಟ್ ಬೇಕಾದರೆ ಡಿಕ್ಕಿ ಖಾಲಿ ಮಾಡಬೇಕಿಲ್ಲ.

ಡಿಕ್ಕಿಯ ಆ ಬೋಲ್ಟಿಗೆ ತುಕ್ಕು ಹಿಡಿಯದಿರಲಿ ಅಂತ ವ್ಯಾಸಲೀನ್ ಬಳಿದಿದ್ದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದೆ, ಲೋಹ ಇನ್ನೂ ಬೆಳ್ಳಗೇ ಇದೆ.