ಮುಚ್ಚಿದ ಅಂಗಡಿಗೂ ತೆರಿಗೆ ಕಟ್ಟುತ್ತಿದ್ದೆವು

ಕೊಪ್ಪಳದ ನಮ್ಮ ಮನೆಯ ಆಸ್ತಿ ತೆರಿಗೆ ವರ್ಷ ವರ್ಷ ಏರುತ್ತಿತ್ತು. ಈ ಫೆಬ್ರುವರಿಯಲ್ಲಿ ಅಪ್ಪನ ಟ್ರಂಕಿನಿಂದ ಹಳೆಯ ಘೋಷಣಾ ನಮೂನೆ ತೆಗೆದು, ಟೇಪು ಹಿಡಿದು ಕೋಣೆ ಕೋಣೆ ಅಳೆದೆ. ಬೀದಿಗೆ ಮುಖ ಮಾಡಿದ ಕೋಣೆಯನ್ನು ನಾವು ಇನ್ನೂ 'ವಾಣಿಜ್ಯ' ಎಂದೇ ಬರೆಯುತ್ತಿದ್ದೆವು! ಅಪ್ಪನ ಹೊಲಿಗೆ ಅಂಗಡಿ ಮುಚ್ಚಿ ಆರು ವರ್ಷವಾಗಿದೆ. ಈಗ ಅಲ್ಲಿ ಅಮ್ಮನ ಮಂಚವಿದೆ. ಫೋಟೊ, ಮನೆಬಳಕೆಯ ವಿದ್ಯುತ್ ಬಿಲ್ ಲಗತ್ತಿಸಿ ಅರ್ಜಿ ಕೊಟ್ಟೆ. ಪರಿಶೀಲನೆಗೆ ಬಂದವರು ನೋಡಿ 'ವಾಸ' ಎಂದು ತಿದ್ದಿದರು. ಏಪ್ರಿಲ್‌ನಲ್ಲೇ ಕಟ್ಟಿದ್ದರಿಂದ ಶೇ 5ರ ರಿಯಾಯಿತಿಯೂ ದಕ್ಕಿತು.

ಮನೆಯ ವಿಮೆಯಲ್ಲೂ ಇಂಥದೇ ತಪ್ಪಾಗಿತ್ತು: ನಿವೇಶನದ ಬೆಲೆಯನ್ನೂ ಸೇರಿಸಿ ಮೊತ್ತ ಬರೆಸಿದ್ದೆ. ಬೆಂಕಿಗೆ, ನೆರೆಗೆ ಹೋಗುವುದು ಗೋಡೆ ಮತ್ತು ಸೂರು; ನಿವೇಶನದ ನೆಲವಲ್ಲ. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡಕ್ಕೆ ಮರಳಿ ಕಟ್ಟುವ ವೆಚ್ಚವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಬದಲಾಯಿಸಿದೆ, ಕಂತು ಅರ್ಧಕ್ಕಿಳಿಯಿತು.