ಬ್ಯಾಟರಿ ಅಲ್ಲ, ಸವೆದದ್ದು ಕ್ಲ್ಯಾಂಪು

ಮಳೆಗಾಲ ಶುರುವಾದಾಗಿನಿಂದ ನಮ್ಮ ಹಳೇ ಕಾರಿನದು ಒಂದೇ ರಗಳೆ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬಾನೆಟ್ ಎತ್ತಿ ಬ್ಯಾಟರಿ ವೈರನ್ನು ಸ್ವಲ್ಪ ಅಲ್ಲಾಡಿಸಿದರೆ ಸ್ಟಾರ್ಟ್! ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿಸಿ ಅಂದರು. ಮೀಟರ್ ಹಿಡಿದರೆ 12.6 ವೋಲ್ಟ್ ಇತ್ತು, ಅಂದರೆ ಚಾರ್ಜ್ ತುಂಬಿತ್ತು. ನನಗೆ ಅನುಮಾನ ಬಂತು.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಗೂಟದ ಮೇಲೆ, ಇನ್ನೊಂದು ಆ ಗೂಟವನ್ನು ಹಿಡಿದಿರುವ ವೈರಿನ ತುದಿಯ ಕ್ಲ್ಯಾಂಪಿನ ಮೇಲೆ ಇಟ್ಟು ಮಗನಿಗೆ ಸೆಲ್ಫ್ ಹೊಡಿ ಅಂದೆ. ಸೊನ್ನೆಯ ಹತ್ತಿರ ಇರಬೇಕಾದದ್ದು 1 ವೋಲ್ಟ್ ದಾಟಿತು. ಅಂದರೆ ಗೂಟಕ್ಕೂ ಕ್ಲ್ಯಾಂಪಿಗೂ ಸರಿಯಾಗಿ ತಾಗುತ್ತಿರಲಿಲ್ಲ. ಕಳ್ಳ ಸಿಕ್ಕಿದ.

ಮೊದಲು ಅಲ್ಲಿ ಕಟ್ಟಿದ್ದ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ನೀರಲ್ಲಿ ಉಜ್ಜಿ ತೆಗೆದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಅದೇ ಕಥೆ. ಬೋಲ್ಟ್ ಪೂರ್ತಿ ಬಿಗಿದು ಕ್ಲ್ಯಾಂಪಿನ ಎರಡು ಕಿವಿ ಒಂದಕ್ಕೊಂದು ತಾಗಿದ್ದರೂ ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಅಲ್ಲಿಗೆ ಅದರ ಆಯಸ್ಸು ಮುಗಿದಂತೆ. ಹಿಂದೆ ಯಾರೋ ಸಂದಿಗೆ ತಗಡಿನ ಚೂರು ತುರುಕಿದ್ದರು, ಅದೂ ಅರ್ಧ ಕರಗಿತ್ತು!

ಹೊಸ ಕ್ಲ್ಯಾಂಪ್ ತರುವಾಗ ಪ್ಲಸ್ಸೋ ಮೈನಸ್ಸೋ ಹೇಳಿ ತನ್ನಿ. ಪ್ಲಸ್ ಗೂಟ ತುಸು ದಪ್ಪ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಕೊನೆಗೆ. ಇಲ್ಲದಿದ್ದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರುತ್ತದೆ. ವೈರಿನ ಕಪ್ಪಾದ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಹೊಸ ಕ್ಲ್ಯಾಂಪಿಗೆ ಬಿಗಿದೆ. ಮೇಲೊಂದಿಷ್ಟು ವ್ಯಾಸಲೀನ್ ಸವರಿದೆ. ಈಗ ಅದೇ ಹಳೇ ಬ್ಯಾಟರಿಯಲ್ಲೇ ಒಂದೇ ಸೆಲ್ಫಿಗೆ ಎದ್ದೇಳುತ್ತದೆ.